ಅಗ್ಗಿಷ್ಟಿಕೆಗೆ ಯಾವ ಬಣ್ಣ ಹಚ್ಚಬೇಕು?



ಗೊಬ್ಬರ, ಔಷಧಿ, ಧಾರಣೆಗಳ ವಿಷಯ ಬರೆಯಬೇಕಾದ ಈ ಪುಟದಲ್ಲಿ ಮನೆಯ ಬಣ್ಣದ ವಿಷಯ ಏಕೆಂದು ಕೆಲವರಿಗೆ ಅನ್ನಿಸಬಹುದು. ಕಾರಣವಿಷ್ಟೆ. ಕಾಫಿಗೆ ಒಳ್ಳೆಯ ಬೆಲೆ ಬಂದ ಮೇಲೆ ನಮ್ಮ ಸದಸ್ಯರಲ್ಲಿ ಅನೇಕರು ಹಳೆಯ ಮನೆಗಳ ದುರಸ್ತಿಗೆ ಕೈ ಹಾಕಿದ್ದಾರೆ. ಹಾಲ್‌ನಲ್ಲಿರುವ ಅಗ್ಗಿಷ್ಟಿಕೆಯನ್ನು ಮುಚ್ಚಿಬಿಡುವುದೋ, ಹೊಸದಾಗಿ ಕಟ್ಟಿಸುವುದೋ, ಕಟ್ಟಿಸಿದರೆ ಯಾವ ಬಣ್ಣ ಹಚ್ಚುವುದೋ ಎಂದು ಸಂಘದ ಕಚೇರಿಗೆ ಬಂದವರೆಲ್ಲ ಕೇಳುತ್ತಿದ್ದಾರೆ. ಈ ವಿಷಯದಲ್ಲಿ ನಾವು ಒಮ್ಮೆ ತಪ್ಪು ಮಾಡಿ ಪಾಠ ಕಲಿತವರಾದ್ದರಿಂದ, ಅದನ್ನು ಎಲ್ಲರ ಗಮನಕ್ಕೆ ತರಬಯಸುತ್ತೇವೆ.

ಅಗ್ಗಿಷ್ಟಿಕೆ ನಮ್ಮ ಹಿರಿಯರ ತೊಟ್ಟಿ ಮನೆಗಳಲ್ಲಿ ಇದ್ದುದಲ್ಲ. ಅವರು ಬಚ್ಚಲೊಲೆಯ ಮುಂದೆಯೋ, ಕೆಂಡದ ಮಡಕೆಯ ಸುತ್ತಲೋ ಕುಳಿತು ಚಳಿ ಕಾಯಿಸಿದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಚಿಕ್ಕಮಗಳೂರು, ಕೊಡಗುಗಳಲ್ಲಿ ಯುರೋಪಿಯನ್ನರು ಕಾಫಿ ತೋಟ ಮಾಡಿ ಬಂಗಲೆ ಕಟ್ಟಿಸಿದಾಗ ಗೋಡೆಯೊಳಗಿನ ಈ ಒಲೆಯೂ, ಚಿಮಣಿಯೂ ಬಂದವು. ಬಳಿಕ ನಮ್ಮವರೂ ಕಟ್ಟಿಸಿಕೊಂಡರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣದ ನಮ್ಮ ಸೀಮೆಯಲ್ಲಿ ಅದು ಬರೀ ಶೋಕಿಯಲ್ಲ. ಮನೆಯ ಶೀತ ತೆಗೆಯುವ ಸಾಧನವೂ ಹೌದು.

ನಮ್ಮ ಮನೆಯಲ್ಲಿ ನಡೆದದ್ದು

ನಾವು ಹಾಲ್ ದುರಸ್ತಿ ಮಾಡಿಸಿದಾಗ ಅಗ್ಗಿಷ್ಟಿಕೆಯ ಮಸಿ ಕಂಡು ಬೇಸರವಾಗಿ, ಒಳಗೋಡೆಗೂ ಸಿಮೆಂಟ್ ಗಾರೆ ಮಾಡಿಸಿ, ಬಾಯಿಯಿಂದ ಮಾಡಿನವರೆಗೆ ಹೊಳೆಯುವ ಕೆನೆ ಬಣ್ಣದ ಎನಾಮಲ್ ಬಳಿಸಿದೆವು. ನೋಡಿದವರೆಲ್ಲ ಮೆಚ್ಚಿದರು. ಆಷಾಢದ ಒಂದು ರಾತ್ರಿ ಮೊದಲ ಬೆಂಕಿ ಹಾಕಿದೆವು. ಅರ್ಧ ಗಂಟೆಯೊಳಗೆ ಬಣ್ಣ ಗುಳ್ಳೆ ಎದ್ದು, ಕರಗಿ, ಕಣ್ಣುರಿಯುವ ಹೊಗೆ ಮನೆ ತುಂಬಿತು. ಜಡಿಮಳೆಯಲ್ಲಿ ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಉಬ್ಬಸದ ತೊಂದರೆಯಿದ್ದ ನಮ್ಮ ತಾಯಿಯವರನ್ನು ಪಕ್ಕದ ಕೋಣೆಗೆ ಎತ್ತಿಕೊಂಡು ಹೋಗಬೇಕಾಯಿತು. ಅವರು ಸುಧಾರಿಸಿಕೊಳ್ಳಲು ಮೂರು ದಿನ ಹಿಡಿಯಿತು. ತಪ್ಪು ಬಳಿದವನದಲ್ಲ, ಹೇಳಿ ಬಳಿಸಿದ ನಮ್ಮದು.

ಕಲಬುರಗಿ ಜಿಲ್ಲೆಯ ಗೊಬ್ಬೂರಿನ ಕಡೆಯಿಂದ ಕೊಯ್ಲಿನ ಕೆಲಸಕ್ಕೆ ನಮ್ಮಲ್ಲಿಗೆ ಬರುವ ಕುಟುಂಬವೊಂದಿದೆ. ಅದರ ಯಜಮಾನರು ಊರಿನಲ್ಲಿ ಗೌಂಡಿ ಕೆಲಸ ಮಾಡಿದವರು. ಸುಟ್ಟ ಗೋಡೆ ಕಂಡು ಅವರು ಹೇಳಿದ್ದು ಇಷ್ಟು: "ಸಾವ್ಕಾರ್ರ, ಒಲಿ ಬಾಯಿಗಿ ಎಣ್ಣಿ ಬಣ್ಣ ಯಾರರ ಹಚ್ಚತಾರೇನ್ರಿ? ನಮ್ಮೂರಾಗ ಸುಣ್ಣ, ಹುರಮಂಜು ಬಿಟ್ರ ಬ್ಯಾರೆ ಹಚ್ಚಂಗಿಲ್ಲ." ಬಿಸಿಲ ನಾಡಿನ ಅವರ ಊರಿನಲ್ಲಿ ಅಗ್ಗಿಷ್ಟಿಕೆ ಎಲ್ಲಿಂದ ಬರಬೇಕು? ಆದರೆ ಒಲೆಯ ಗುಣ ಎಲ್ಲ ಕಡೆಗೂ ಒಂದೇ. ಅವರ ಮಾತಿನಂತೆ ನಡೆದು ನಮ್ಮ ಅಗ್ಗಿಷ್ಟಿಕೆ ಸರಿಹೋಯಿತು.

ಒಂದೇ ಗೋಡೆ, ಮೂರು ಭಾಗ

ಬಣ್ಣ ಆರಿಸುವ ಮೊದಲು ಅಗ್ಗಿಷ್ಟಿಕೆಯನ್ನು ಮೂರು ಭಾಗವಾಗಿ ನೋಡಬೇಕು. ಮೂರಕ್ಕೂ ತಗಲುವ ಶಾಖ ಬೇರೆ ಬೇರೆ.

1. ಬೆಂಕಿಯ ಬಾಯಿ. ಇಲ್ಲಿ ಶಾಖ ನೂರಾರು ಡಿಗ್ರಿಗೆ ಏರುತ್ತದೆ. ಎನಾಮಲ್, ಪ್ಲಾಸ್ಟಿಕ್ ಎಮಲ್ಷನ್, ಡಿಸ್ಟೆಂಪರ್ ಯಾವುದೂ ತಡೆಯುವುದಿಲ್ಲ. ಸಿಮೆಂಟ್ ಗಾರೆಯೂ ಬಿರುಕು ಬಿಟ್ಟು ಕಳಚುತ್ತದೆ. ಬೆಂಕಿ ಇಟ್ಟಿಗೆಯನ್ನು ಬೆಂಕಿ ಜೇಡಿಯಲ್ಲಿ ಕಟ್ಟಿ ಹಾಗೆಯೇ ಬಿಡುವುದು ಉತ್ತಮ. ನೋಟಕ್ಕೆ ಬೇಕಾದರೆ ಕೆಮ್ಮಣ್ಣಿನ ತೆಳು ರಾಡಿಯನ್ನು ವರ್ಷಕ್ಕೊಮ್ಮೆ ಸಾರಿಸಬಹುದು. ಶಾಖ ತಡೆಯುವ ಬಣ್ಣವೆಂದು ಅಂಗಡಿಯಲ್ಲಿ ಸಿಗುವ ಡಬ್ಬಿಗಳ ಮೇಲೆ ಎಷ್ಟು ಡಿಗ್ರಿಯವರೆಗೆ ಎಂದು ಬರೆದಿರುತ್ತದೆ, ಓದದೆ ಕೊಳ್ಳಬಾರದು. ಅವು ಹೆಚ್ಚಾಗಿ ಕಬ್ಬಿಣದ ಬಾಗಿಲು, ಜಾಲರಿ, ಕೊಳವೆಗಳಿಗೆ ತಯಾರಾದವು.

2. ಬಾಯಿಯ ಸುತ್ತಲ ಚೌಕಟ್ಟು. ಇಲ್ಲಿ ಉರಿ ತಾಗುವುದಿಲ್ಲ, ಆದರೆ ಕೈ ಇಡಲಾರದಷ್ಟು ಬಿಸಿಯಾಗಬಹುದು. ಇಲ್ಲಿಗೆ ಸುಣ್ಣ ಮತ್ತು ಮಣ್ಣಿನ ಬಣ್ಣಗಳೇ ಯೋಗ್ಯ. ಜಂಬಿಟ್ಟಿಗೆಯ ಚೌಕಟ್ಟಿದ್ದರೆ ಅದಕ್ಕೆ ಬಣ್ಣವೇ ಬೇಡ. ಅದರದೇ ಬಣ್ಣ ಚೆನ್ನ.

3. ಮೇಲಿನ ಚಿಮಣಿ ಗೋಡೆ. ಇದು ಬೆಚ್ಚಗಾಗುತ್ತದೆ ಅಷ್ಟೆ. ಸುಣ್ಣ, ಡಿಸ್ಟೆಂಪರ್, ಎಮಲ್ಷನ್ ಯಾವುದಾದರೂ ಆದೀತು. ಆದರೆ ಹಳೆಯ ಚಿಮಣಿಯಿಂದ ಜಿನುಗಿದ ಹೊಗೆಯ ಜಿಡ್ಡಿನ ಕಂದು ಕಲೆ ಎಷ್ಟು ಸಲ ಸುಣ್ಣ ಬಳಿದರೂ ಮತ್ತೆ ಮೇಲೆ ಬರುತ್ತದೆ. ಮೊದಲು ವಾಷಿಂಗ್ ಸೋಡಾ ನೀರಿನಿಂದ ಉಜ್ಜಿ ತೊಳೆಯಬೇಕು. ಆಗಲೂ ಹೋಗದಿದ್ದರೆ ಆ ಭಾಗದ ಗಾರೆಯನ್ನೇ ಕೆತ್ತಿ ಹೊಸದು ಮಾಡಿಸಬೇಕು.

ಇನ್ನು ಶಹಾಬಾದ್ ಕಲ್ಲಿನ ಮಾತು. ಗೊಬ್ಬೂರಿನವರ ಜಿಲ್ಲೆಯಿಂದಲೇ ಬರುವ ಈ ಬೂದು ಬಣ್ಣದ ಕಲ್ಲು ಅಗ್ಗಿಷ್ಟಿಕೆಯ ಮುಂದಿನ ನೆಲಕ್ಕೆ ಬಹಳ ಒಳ್ಳೆಯದು. ಕಿಡಿ ಸಿಡಿದರೂ ಭಯವಿಲ್ಲ. ಆದರೆ ಅದು ಪದರ ಪದರವಾದ ಸುಣ್ಣಕಲ್ಲಿನ ಜಾತಿ. ನೇರ ಉರಿಗೆ ಸಿಕ್ಕರೆ ಚಕ್ಕೆ ಎದ್ದು ಸಿಡಿಯುತ್ತದೆ. ಆದ್ದರಿಂದ ಬಾಯಿಯ ಒಳಗೆ ಹಾಕಬಾರದು.

ಹುರಮಂಜಿನ ಗುಣ

ಹುರಮಂಜು, ಕಾವಿ, ಕೆಮ್ಮಣ್ಣು ಎಂದು ಬೇರೆ ಬೇರೆ ಕಡೆ ಕರೆಯುವ ಈ ಕೆಂಪಿಗೆ ಮೂಲ ಕಬ್ಬಿಣದ ಆಕ್ಸೈಡು. ಅದು ಶಾಖಕ್ಕೂ ಸುಣ್ಣದ ಖಾರಕ್ಕೂ ಕೆಡುವುದಿಲ್ಲ. ಹಳದಿ ಮಣ್ಣಿನಲ್ಲಿಯೂ ಕಬ್ಬಿಣವೇ ಇರುವುದು, ಆದರೆ ಅದರಲ್ಲಿ ನೀರಿನ ಅಂಶ ಸೇರಿಕೊಂಡಿದೆ. ಬಲವಾಗಿ ಕಾಯಿಸಿದರೆ ಆ ನೀರು ಹೋಗಿ ಹಳದಿಯು ಕೆಂಪಾಗುತ್ತದೆ. ಆದ್ದರಿಂದ ಹಳದಿಯನ್ನು ಮೇಲಿನ ಗೋಡೆಗೆ ಇಟ್ಟುಕೊಂಡು, ಬಾಯಿಯ ಹತ್ತಿರಕ್ಕೆ ಕೆಂಪನ್ನು ಬಳಸುವುದು ಜಾಣತನ. ಸುಣ್ಣಕ್ಕೆ ಎಲ್ಲ ಬಣ್ಣವೂ ಹೊಂದುವುದಿಲ್ಲ. ಪ್ರಶ್ಯನ್ ನೀಲಿಯಂಥ ಬಣ್ಣ ಸುಣ್ಣದಲ್ಲಿ ಕೆಟ್ಟು ಕಂದಾಗುತ್ತದೆ.

ನಾವು ಮಾಡಿದ ಹದ ಹೀಗಿತ್ತು: 5 ಕಿಲೋ ಸುಣ್ಣವನ್ನು ಅರಳಿಸಿ, ಕೆಲವು ದಿನ ನೀರಿನಲ್ಲಿ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಅದಕ್ಕೆ ಅರ್ಧ ಕಿಲೋ ಹುರಮಂಜಿನ ಪುಡಿಯನ್ನು ಮೊದಲೇ ನೀರಿನಲ್ಲಿ ಕದಡಿ ಸೇರಿಸಿದೆವು. ಇದಕ್ಕಿಂತ ಹೆಚ್ಚು ಪುಡಿ ಹಾಕಿದರೆ ಒರಗಿದವರ ಬಟ್ಟೆಗೆ ಬಣ್ಣ ಹತ್ತುತ್ತದೆ. ಗೋಡೆಗೆ ನೀರು ಚಿಮುಕಿಸಿ, ಹಾಲಿನಷ್ಟು ತೆಳುವಾಗಿ ಮೂರು ಸಲ, ಒಂದೊಂದು ದಿನದ ಅಂತರದಲ್ಲಿ ಬಳಿಯಬೇಕು. ಒಣಗಿದ ಮೇಲೆ ಬಣ್ಣ ಬಹಳ ತಿಳಿಯಾಗುತ್ತದೆ. ಹಸಿಯಾಗಿದ್ದಾಗ ಕಂಡು ಗಾಬರಿಯಾಗಬೇಡಿ. ಸುಣ್ಣ ಕಣ್ಣಿಗೆ ಹಾರಿದರೆ ಅಪಾಯವಾದ್ದರಿಂದ ಅರಳಿಸುವಾಗ ಮಕ್ಕಳನ್ನು ದೂರವಿಡಿ.

ಯಾವ ಬಣ್ಣ ಒಪ್ಪುತ್ತದೆ?

ನೆಲ, ಮರ, ಬೆಳಕು, ಮಸಿ ಈ ನಾಲ್ಕನ್ನು ನೋಡಿ ತೀರ್ಮಾನಿಸಬೇಕು.

ನೆಲ ಕೆಂಪು ಗಾರೆಯದಾಗಿದ್ದು, ಕುರ್ಚಿ ಬೀಟೆ ಮರದ್ದಾಗಿದ್ದರೆ ಹಾಲ್ ಮೊದಲೇ ಗಾಢವಾಗಿರುತ್ತದೆ. ಆಗ ಚೌಕಟ್ಟಿಗೆ ಮಾತ್ರ ಹುರಮಂಜು ಹಚ್ಚಿ, ಮೇಲಿನ ಗೋಡೆಗೆ ಹಳದಿ ಮಣ್ಣಿನ ಛಾಯೆಯ ಕೆನೆ ಬಣ್ಣ ಕೊಡಿ. ನೆಲ ಬಿಳಿಯ ಟೈಲ್ಸ್ ಆಗಿದ್ದರೆ ಮೇಲಿನ ಗೋಡೆಗೂ ತಿಳಿಗೆಂಪು ತರಬಹುದು. ಕೋಣೆಗೆ ಬೆಚ್ಚಗಿನ ಕಳೆ ಬರುತ್ತದೆ. ಅಚ್ಚ ಬಿಳಿ ಬೇಡ, ಒಂದೇ ಮಳೆಗಾಲದಲ್ಲಿ ಮಸಿ ಹಿಡಿಯುತ್ತದೆ. ಕಡುನೀಲಿ, ಕಡುಹಸಿರುಗಳು ಚಿತ್ರದಲ್ಲಿ ಚೆನ್ನ. ಮಳೆಗಾಲದ ಮಂಕು ಬೆಳಕಿನಲ್ಲಿ ಅವು ಕಪ್ಪಾಗಿಯೇ ಕಾಣುತ್ತವೆ.

ಅಂಗಡಿಯ ಬಣ್ಣದ ಕಾರ್ಡು ನೋಡಿ ತೀರ್ಮಾನಿಸಬಾರದು. ಗೋಡೆಯ ಮೇಲೆ ಎರಡಡಿ ಚೌಕದಷ್ಟು ಬಳಿದು ಬೆಳಿಗ್ಗೆ, ಸಂಜೆ, ದೀಪದ ಬೆಳಕು ಮೂರರಲ್ಲಿಯೂ ನೋಡಿ. ಅಗ್ಗಿಷ್ಟಿಕೆಯ ಮುಂದೆ ನಾವು ಕೂರುವುದು ರಾತ್ರಿಯಾದ್ದರಿಂದ ದೀಪದ ಬೆಳಕಿನ ತೀರ್ಪೇ ಮುಖ್ಯ. ಬಿಳಿ ಎಲ್‌ಇಡಿ ಬಲ್ಬಿನಲ್ಲಿ ಕೆಮ್ಮಣ್ಣು ಕಳೆಗುಂದುತ್ತದೆ, ಹಳದಿ ಬೆಳಕಿನ ಬಲ್ಬಿನಲ್ಲಿ ಕಳೆಗಟ್ಟುತ್ತದೆ. ಎಷ್ಟೋ ವೇಳೆ ಬದಲಾಯಿಸಬೇಕಾದ್ದು ಬಣ್ಣವಲ್ಲ, ಬಲ್ಬು.

ಹಳೆಯ ಬಣ್ಣದ ಎಚ್ಚರಿಕೆ

ಹಳೆಯ ಮನೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಬಣ್ಣವನ್ನು ಒಣ ಕಾಗದದಲ್ಲಿ ಉಜ್ಜುವುದಾಗಲಿ, ಬೆಂಕಿಯಲ್ಲಿ ಸುಟ್ಟು ತೆಗೆಯುವುದಾಗಲಿ ಮಾಡಬಾರದು. ನೀರು ಹಾಕಿ ಒದ್ದೆಯಾಗಿಯೇ ಕೆರೆದು, ಚೂರನ್ನು ಚೀಲದಲ್ಲಿ ಕಟ್ಟಿಡಬೇಕು. ಸೀಸದ ಧೂಳು ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ ಎಂಬುದನ್ನು ಮರೆಯಬಾರದು.

ಯಾವಾಗ ಮಾಡಿಸಬೇಕು?

ಅರೇಬಿಕಾ, ಅಡಿಕೆ, ರೊಬಸ್ಟಾ ಕೊಯ್ಲುಗಳೆಲ್ಲ ಮುಗಿದು ಏಪ್ರಿಲ್ ಬಂದಾಗ ನಮಗೂ ಬಿಡುವು, ಗೋಡೆಯೂ ಒಣಗಿರುತ್ತದೆ. ಸಿಮೆಂಟ್ ಗಾರೆ ಹೊಸದಾದರೆ ನಾಲ್ಕು ವಾರ ಬಿಟ್ಟು ಬಣ್ಣ ಹಚ್ಚಿ. ಮೊದಲ ಬೆಂಕಿ ಚಿಕ್ಕದಾಗಿರಲಿ. ನಾಲ್ಕಾರು ದಿನದಲ್ಲಿ ಹೆಚ್ಚಿಸಿಕೊಂಡು ಹೋಗಿ. ಹಸಿ ಸಿಲ್ವರ್ ಓಕ್ ಸೌದೆ ಉರಿಸಿದರೆ ಜಿಡ್ಡು ಮಸಿ ಕಟ್ಟಿ ಬಣ್ಣವೂ ಹಾಳು, ಚಿಮಣಿಗೂ ಬೆಂಕಿ ಹಿಡಿಯುವ ಭಯ. ಒಂದು ವರ್ಷ ಒಣಗಿದ ಸೌದೆಯನ್ನೇ ಬಳಸಿ, ಮಳೆಗಾಲಕ್ಕೆ ಮುನ್ನ ಚಿಮಣಿಯನ್ನು ಗುಡಿಸಿ.

ನಮ್ಮ ತಾಯಿಯವರು ಈಗ ಅದೇ ಅಗ್ಗಿಷ್ಟಿಕೆಯ ಮುಂದೆ ಕುಳಿತು ಮೊಮ್ಮಕ್ಕಳಿಗೆ ಹಲಸಿನ ಬೀಜ ಸುಟ್ಟುಕೊಡುತ್ತಾರೆ. ಗೋಡೆಗೆ ಆದ ಖರ್ಚು ಹಿಂದಿನ ಎನಾಮಲ್ ಡಬ್ಬಿಗಳ ಖರ್ಚಿಗಿಂತ ಕಡಿಮೆಯೇ. ದುರಸ್ತಿಗೆ ಹೊರಟಿರುವ ಸದಸ್ಯರು ಬಣ್ಣದ ಅಂಗಡಿಗೆ ಹೋಗುವ ಮುನ್ನ ಒಂದು ಸಂಜೆ ನಮ್ಮಲ್ಲಿಗೆ ಬಂದು ಅದನ್ನು ನೋಡಬಹುದು. ಗೊಬ್ಬೂರಿನ ಯಜಮಾನರು ಕೊಯ್ಲಿಗೆ ಬಂದಿದ್ದರೆ ಹದವನ್ನು ಅವರ ಬಾಯಿಂದಲೇ ಕೇಳಬಹುದು.

— ಕಾರ್ಯದರ್ಶಿ