20 ವರ್ಷಕ್ಕೆ ಮೂವತ್ತಾರೂವರೆ ಗ್ರಾಂ ಮದ್ದು

ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವ ಮದ್ದು 5 ಮಿಲಿಗ್ರಾಂ; ಉಳಿದದ್ದು ಮಾತ್ರೆಗೆ ಆಕಾರ ಕೊಡುವ ಪುಡಿ. ಅರವತ್ತರಿಂದ ಎಂಬತ್ತರವರೆಗೆ ದಿನಕ್ಕೊಂದು ನುಂಗಿದರೆ ಸುಮಾರು 7,300 ಮಾತ್ರೆ. ಅಷ್ಟರ ಮದ್ದನ್ನೂ ಕೂಡಿಸಿ ತೂಗಿದರೆ ಮೂವತ್ತಾರೂವರೆ ಗ್ರಾಂ, ಒಂದು ಹಿಡಿ ಅಕ್ಕಿಗಿಂತ ಹಗುರ.

ಅದೇ 20 ವರ್ಷದ ಹೃದಯದ ಲೆಕ್ಕ ನೋಡಿ. ನಿಮಿಷಕ್ಕೆ 70 ಬಡಿತವೆಂದರೆ ದಿನಕ್ಕೆ 1,00,800. ಒಟ್ಟು 73 ಕೋಟಿ ದಾಟುತ್ತದೆ. ನಿಮಿಷಕ್ಕೆ 5 ಲೀಟರಿನಂತೆ ತಳ್ಳುವ ರಕ್ತ ಐದು ಕೋಟಿ ಲೀಟರಿಗೂ ಮಿಗಿಲು. ಬಿಪಿಯ ಮೇಲಿನ ಅಂಕಿ 120 ಇದ್ದರೆ, ಅದು ಕೊಳವೆಯಲ್ಲಿ ನೀರನ್ನು ಐದಡಿ ನಾಲ್ಕಂಗುಲ ಎತ್ತಿ ನಿಲ್ಲಿಸುವ ಬಲ. 160 ಆದರೆ ನೀರು ಏಳಡಿ ದಾಟುತ್ತದೆ. ಆ ಬಲದ ಏಟನ್ನು ಕೋಟಿಗಟ್ಟಲೆ ಸಲ ತಿನ್ನುವುದು ಮಿದುಳಿನ, ಮೂತ್ರಪಿಂಡದ, ಕಣ್ಣಿನ ರಕ್ತನಾಳಗಳು.

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಭಾರತದಲ್ಲಿ 30ರಿಂದ 79ರ ವಯಸ್ಸಿನ 18.83 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿದೆ. 2011ರ ಜನಗಣತಿಯ ಮೂರು ಕರ್ನಾಟಕ ಸೇರಿಸಿದರೂ ಇಷ್ಟು ಜನವಾಗುವುದಿಲ್ಲ. ಇವರಲ್ಲಿ ನೂರಕ್ಕೆ 37 ಮಂದಿಯಲ್ಲಷ್ಟೇ ಕಾಯಿಲೆ ಪತ್ತೆಯಾಗಿದೆ. ಔಷಧಿ ತೆಗೆದುಕೊಳ್ಳುವವರು 30. ಬಿಪಿ ಹತೋಟಿಯಲ್ಲಿರುವವರು ಬರೀ 15.

ಶುರು ಮಾಡಿದವರಾದರೂ ಮುಂದುವರಿಸುತ್ತಾರೆಯೇ? 2008ರಲ್ಲಿ ಪ್ರಕಟವಾದ ಅಧ್ಯಯನವೊಂದು 4,783 ಮಂದಿಯ ಲೆಕ್ಕ ಹಿಡಿಯಿತು. ಮಾತ್ರೆ ಡಬ್ಬಿ ತೆರೆದಾಗಲೆಲ್ಲ ಎಲೆಕ್ಟ್ರಾನಿಕ್ ಸಾಧನ ಹೊತ್ತನ್ನು ದಾಖಲಿಸುತ್ತಿತ್ತು. ವರ್ಷ ತುಂಬುವಷ್ಟರಲ್ಲಿ ಸುಮಾರು ಅರ್ಧ ಜನ ಮಾತ್ರೆ ಬಿಟ್ಟೇಬಿಟ್ಟಿದ್ದರು. ಬಿಡದವರಲ್ಲೂ ಹತ್ತು ಡೋಸಿಗೆ ಸುಮಾರು ಒಂದು ತಪ್ಪುತ್ತಿತ್ತು. ಹತ್ತಕ್ಕೊಂದು ಎಂದರೆ 20 ವರ್ಷದಲ್ಲಿ 730 ಮಾತ್ರೆ, ಪೂರಾ ಎರಡು ವರ್ಷದ್ದು.

ತಪ್ಪಿಸಿದ್ದು ಮೈಗೆ ತಿಳಿಯುವುದೂ ಇಲ್ಲ. ಆಮ್ಲೋಡಿಪಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು 30ರಿಂದ 50 ತಾಸು ಬೇಕು. ನಿನ್ನೆಯ ಮಾತ್ರೆ ಇವತ್ತೂ ಕಾಯುತ್ತಿರುತ್ತದೆ. ನುಂಗದವರಿಗೆ “ಬಿಟ್ಟರೂ ಏನಾಗಲಿಲ್ಲವಲ್ಲ” ಅನ್ನಿಸುತ್ತದೆ. ಆಮೇಲೆ ಒತ್ತಡ ಏರಿದರೂ ಸಾಮಾನ್ಯವಾಗಿ ನೋವಿಲ್ಲ, ಸುಳಿವಿಲ್ಲ.

“ಈ ವಯಸ್ಸಿಗೆ ಇನ್ಯಾಕೆ ಮಾತ್ರೆ?” ಎನ್ನುವ ಹಿರಿಯರಿಗೆ 2008ರಲ್ಲೇ ಹೈವೆಟ್ ಪ್ರಯೋಗ ಉತ್ತರಿಸಿದೆ. ಎಂಬತ್ತು ಮುಟ್ಟಿದ, ದಾಟಿದ 3,845 ಮಂದಿಯಲ್ಲಿ ಸುಮಾರು ಅರ್ಧ ಜನರಿಗೆ ದಿನಕ್ಕೆ ಒಂದೂವರೆ ಮಿಲಿಗ್ರಾಂ ಇಂಡಪಮೈಡ್ ಎಂಬ ಬಿಪಿ ಮದ್ದು, ಬೇಕಾದವರಿಗೆ ಇನ್ನೊಂದು ಔಷಧಿ. ಉಳಿದವರಿಗೆ ಮದ್ದಿಲ್ಲದ ಹುಸಿ ಮಾತ್ರೆ. ಔಷಧಿ ಪಡೆದವರಲ್ಲಿ ಹೃದಯ ವೈಫಲ್ಯ ಶೇ 64ರಷ್ಟು, ಸಾವು ಶೇ 21ರಷ್ಟು ಕಡಿಮೆ. ಫಲ ಇಷ್ಟು ನಿಚ್ಚಳವಾದ ಮೇಲೆ ಪ್ರಯೋಗವನ್ನು ಅವಧಿಗೆ ಮೊದಲೇ ಮುಗಿಸಿದರು. ಅರ್ಧಕ್ಕೂ ಹೆಚ್ಚು ಮಂದಿ ಪ್ರಯೋಗಕ್ಕೆ ಸೇರಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಹತ್ತಕ್ಕೊಂದರಂತೆ ತಪ್ಪಿಸಿದ ಮಾತ್ರೆಗಳದ್ದೂ ಅಷ್ಟೇ ಕಾಲ.