ಬೆನ್ನಿನ ಮೇಲೆ ಒತ್ತಕ್ಷರ

ಮೈಸೂರು ಬ್ಯಾಂಕ್ ವೃತ್ತದಿಂದ ಅವೆನ್ಯೂ ರಸ್ತೆಗೆ ತಿರುಗಿದೆ. ಹಿಂದೆ ದೊಡ್ಡಪೇಟೆ ಎನ್ನುತ್ತಿದ್ದ ಈ ಬೀದಿಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳಿಗೆ ನೆಟ್ಟಗೆ ನಿಲ್ಲಲು ಜಾಗವಿಲ್ಲ. ಒಂದರ ಮೇಲೊಂದು ಮಲಗಿವೆ. ಮುಖಪುಟ ಕಾಣುವುದು ತೀರಾ ಮೇಲಿನದಕ್ಕೆ ಮಾತ್ರ, ಉಳಿದವು ಬೆನ್ನು ತೋರಿಸಿಯೇ ಗಿರಾಕಿಯನ್ನು ಕರೆಯಬೇಕು.

ಕುಕ್ಕರಗಾಲಲ್ಲಿ ಕೂತು ಓದತೊಡಗಿದೆ. ಹೆಸರನ್ನು ಮೇಲಿನಿಂದ ಕೆಳಕ್ಕೆ ಇಳಿಸಿದ್ದರೆ, ಮುಖ ಮೇಲಾಗಿ ಮಲಗಿದ ಪುಸ್ತಕ ಸಲೀಸಾಗಿ ಓದಿಸಿಕೊಳ್ಳುತ್ತದೆ. ಕೆಳಗಿನಿಂದ ಹತ್ತಿಸಿದ್ದರೆ ಅಕ್ಷರವೆಲ್ಲ ತಲೆಕೆಳಗು. ಫ್ರೆಂಚರದು ಹತ್ತಿಸುವ ರೂಢಿ, ಇಂಗ್ಲಿಷಿನವರದು ಇಳಿಸುವುದು. ಈ ಅಟ್ಟಿಯ ಕನ್ನಡ ಪುಸ್ತಕಗಳಲ್ಲಿ ಎರಡೂ ಇದ್ದವು.

ಡೆಮಿ ಆಕಾರದ ಕಾದಂಬರಿಯೊಂದನ್ನು ಎಳೆದೆ. 200 ಪುಟ, ಅಂದರೆ 100 ಹಾಳೆ. 70 ಜಿಎಸ್‌ಎಂ ಕಾಗದದಲ್ಲಿ ಬೆನ್ನು ಹೆಚ್ಚುಕಡಿಮೆ 9 ಮಿಲಿಮೀಟರ್ ಬರುತ್ತದೆ. ಎರಡೂ ಅಂಚಿಗೆ ಒಂದೂವರೆ ಬಿಟ್ಟರೆ ಅಕ್ಷರದ ಪಾಲಿಗೆ 6. ಇಂಗ್ಲಿಷಿನ ದೊಡ್ಡಕ್ಷರಗಳು ಅಷ್ಟನ್ನೂ ತುಂಬಿಕೊಂಡು ನಿಲ್ಲುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ‘ಕರ್ವಾಲೊ’ ಅದೃಷ್ಟದ ಹೆಸರು: ಅರ್ಕಾವತ್ತು ಪಕ್ಕದಲ್ಲಿ ಕೂರುವುದರಿಂದ ಕೆಳಗೆ ಏನೂ ಇಳಿಬೀಳುವುದಿಲ್ಲ, ಅಕ್ಷರವನ್ನು ದೊಡ್ಡದಾಗಿಯೇ ಇಡಬಹುದು. ‘ಸಂಸ್ಕಾರ’ದಲ್ಲಾದರೆ ಒಂದೇ ಒಂದು ‘ಸ್ಕಾ’ ಇಡೀ ಹೆಸರನ್ನು ಕುಗ್ಗಿಸುತ್ತದೆ. ಒತ್ತನ್ನು ಲೆಕ್ಕಕ್ಕೆ ಹಿಡಿಯದೆ ಮೇಲಿನ ಅಕ್ಷರವನ್ನಷ್ಟೇ ನಡುವಿಗೆ ಕೂರಿಸಿದರೋ, ಬೈಂಡಿಂಗಿನಲ್ಲಿ ಮಡಿಕೆ ಒಂದು ಮಿಲಿಮೀಟರ್ ಸರಿದರೂ ಸಾಕು, ಇಳಿಸಿದ ಹೆಸರಿನ ಒತ್ತು ಹಿಂಬದಿಯ ರಕ್ಷಾಪುಟಕ್ಕೆ ಜಾರುತ್ತದೆ. ನನ್ನ ಕೈಯಲ್ಲಿದ್ದ ಪುಸ್ತಕಕ್ಕೆ ಆಗಿದ್ದೂ ಅದೇ. ವರ್ಷಗಟ್ಟಲೆ ಕೂತು ಬರೆದವರ ಪುಸ್ತಕದ ಹೆಸರು ಹೀಗೆ ಮುಕ್ಕಾಗುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅಕ್ಷರದ ಕೆಳಗೆ ಅಕ್ಷರ ಜೋಡಿಸಿದ ಬೆನ್ನುಗಳೂ ಕಂಡವು. ‘ಮೂಕಜ್ಜಿಯ’ ಎಂಬುದು ಮೂ, ಕ, ಜ್ಜಿ, ಯ ಎಂದು ನಾಲ್ಕು ಮೆಟ್ಟಿಲಾಗಬೇಕು. ‘ಜ್ಜಿ’ಯನ್ನು ‘ಜ್’, ‘ಜಿ’ ಎಂದು ಸೀಳಿದರೆ ಅದು ಕನ್ನಡವಾಗಿ ಉಳಿಯುವುದಿಲ್ಲ. ಬೆನ್ನು ಅಗಲವಿದ್ದರೆ ಈ ಯಾವ ಪಾಡೂ ಇಲ್ಲ. ನಿಘಂಟಿನಂಥ ದಪ್ಪ ಸಂಪುಟಗಳಲ್ಲಿ ಹೆಸರು ಅಡ್ಡಸಾಲಿನಲ್ಲಿ ಆರಾಮವಾಗಿ ಕೂರುತ್ತದೆ, ಕತ್ತು ಓರೆ ಮಾಡುವುದೇ ಬೇಡ.

ನಾನು ತಲೆ ಬಗ್ಗಿಸಿ ತಿಣುಕುತ್ತಿದ್ದುದನ್ನು ಕಂಡ ಅಂಗಡಿಯವರು, “ಇರಿ ಸರ್, ತಿರುಗಿಸ್ತೀನಿ” ಎಂದು ಮೇಲಿನ ಪುಸ್ತಕವನ್ನು ಬೋರಲು ಹಾಕಿದರು. ಹೆಸರು ನೆಟ್ಟಗಾಯಿತು. ಮುಖಪುಟ ಕೆಳಗಾಯಿತು.