ಬೇಕರಿ ಕೌಂಟರಿನಿಂದ ಪಂಚಾಯತ್ ಸಭೆಗೆ

ಚಿಕ್ಕಜಾಜೂರು ಎಂದರೆ ನಮ್ಮ ಕರಾವಳಿಯ ಹೆಚ್ಚಿನವರಿಗೆ ರೈಲಿನ ಕಿಟಕಿಯಲ್ಲಿ ಕಂಡ ಹಳದಿ ಬೋರ್ಡು ಅಷ್ಟೇ. ಬೆಂಗಳೂರು-ಹುಬ್ಬಳ್ಳಿ ಹಳಿಯಿಂದ ಚಿತ್ರದುರ್ಗ, ರಾಯದುರ್ಗದ ಮೇಲೆ ಬಳ್ಳಾರಿಗೆ ಹೋಗುವ ಹಳಿ ಕವಲೊಡೆಯುವುದು ಇಲ್ಲೇ. ಹೊಳಲ್ಕೆರೆ ತಾಲೂಕಿನ ಊರು. ಸುತ್ತ ಅಡಿಕೆ, ತೆಂಗು, ಆಚೆಗೆ ಮೆಕ್ಕೆಜೋಳದ ಹೊಲ. ನನ್ನ ಚಿಕ್ಕಮ್ಮನ ಮಗಳನ್ನು ಈ ಕಡೆ ಬೇಕರಿ ಇಟ್ಟುಕೊಂಡಿರುವ ಹುಡುಗನಿಗೆ ಕೊಟ್ಟು ಹದಿನೇಳು ವರ್ಷ ಆಯಿತು. ಹೋಗ್ತೇನೆ, ಹೋಗ್ತೇನೆ ಅಂತ ಹೇಳುತ್ತಾ ಇದ್ದವನು ಕೊನೆಗೂ ಹೋದದ್ದು ಕಳೆದ ಡಿಸೆಂಬರಿನಲ್ಲಿ.

ಇವರ ಮನೆ ಇರುವುದು ಜಂಕ್ಷನ್‌ನಿಂದ ಸ್ವಲ್ಪ ಒಳಗಿನ ಹಳ್ಳಿಯಲ್ಲಿ. ಹಳ್ಳಿಯ ಹೆಸರು ಹಾಕಬೇಡಿ ಮಾಮ ಎಂದು ತಂಗಿಯ ಮಗಳು ಮೊದಲೇ ತಾಕೀತು ಮಾಡಿದ್ದಾಳೆ. ಒಂಬತ್ತನೇ ತರಗತಿ, ಸರಕಾರಿ ಶಾಲೆ, ಕನ್ನಡ ಮಾಧ್ಯಮ. ಮನೆಯೊಳಗೆ ಬ್ಯಾರಿ, ಪಕ್ಕದ ಮನೆಯವರ ಜತೆ ಉರ್ದು, ಶಾಲೆಯಲ್ಲಿ ಅಪ್ಪಟ ದುರ್ಗದ ಕನ್ನಡ. "ಏನ್ ಸರ, ಬರ್ರಿ ಸರ" ಅಂತ ಅವಳು ಗಿರಾಕಿಗಳ ಜತೆ ಮಾತಾಡುವುದನ್ನು ಕೇಳಿದರೆ ಇವಳ ಅಜ್ಜಿಮನೆ ಬಂಟ್ವಾಳದ ಕಡೆ ಎಂದು ಯಾರೂ ಹೇಳಲಾರರು. ಆದರೂ ಊರಿನ ಉರ್ದು ಮನೆಯವರು ಈಗಲೂ ಕೇಳುವುದುಂಟಂತೆ, "ನಿಮ್ದು ಮಲಯಾಳಮಾ?"

ನಾನು ಬಂದು ಕೂತು ಚಾ ಕುಡಿಯುವ ಮೊದಲೇ ಅವಳು ಹೇಳಿದ ಸುದ್ದಿ: "ಮಾಮ, ನಾನು ಪಂಚಾಯ್ತಿ ಸಭೆಯಲ್ಲಿ ಮೈಕ್ ಹಿಡಿದು ಮಾತಾಡಿದೆ."

ಮಕ್ಕಳ ಗ್ರಾಮಸಭೆ. ನಮ್ಮ ಎಷ್ಟು ಮನೆಗಳಲ್ಲಿ ಈ ಹೆಸರು ಗೊತ್ತುಂಟೋ! ರಾಜ್ಯದ ಪ್ರತಿಯೊಂದು ಗ್ರಾಮ ಪಂಚಾಯತ್ ವರ್ಷಕ್ಕೊಮ್ಮೆ ಮಕ್ಕಳಿಗೆಂದೇ ಸಭೆ ಕರೆಯಬೇಕು. ಸಾಮಾನ್ಯವಾಗಿ ನವೆಂಬರ್ 14ರ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ನಡೆಯುತ್ತದೆ. ಅಧ್ಯಕ್ಷರು, ಪಿಡಿಒ, ಶಾಲೆಯವರು, ಅಂಗನವಾಡಿಯವರು, ಆರೋಗ್ಯ ಇಲಾಖೆಯವರು ಎದುರಿಗಿರಬೇಕು. ಮಕ್ಕಳು ಕೇಳಬೇಕು, ದೊಡ್ಡವರು ಉತ್ತರ ಕೊಡಬೇಕು. ಹಿಂದಿನ ವರ್ಷ ಕೇಳಿದ್ದು ಏನಾಯಿತು ಎಂದೂ ಹೇಳಬೇಕು.

ಇದರ ಬೇರು ಇರುವುದು ನಮ್ಮ ಕರಾವಳಿಯಲ್ಲೇ ಎಂಬುದು ಖುಷಿಯ ಸಂಗತಿ. 1990ರ ದಶಕದಲ್ಲಿ ಕುಂದಾಪುರ ತಾಲೂಕಿನ ಕೆರಾಡಿಯಂಥ ಊರುಗಳಲ್ಲಿ ದುಡಿಯುವ ಮಕ್ಕಳ 'ಭೀಮ ಸಂಘ'ವೂ ಅದರ ಬೆನ್ನಿಗಿದ್ದ 'ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯೂ ಸೇರಿ ಮಕ್ಕಳ ಪಂಚಾಯತ್ ಕಟ್ಟಿದರು. ಮಕ್ಕಳೇ ಚುನಾವಣೆಗೆ ನಿಂತು, ಮಕ್ಕಳೇ ಓಟು ಹಾಕಿದ ಪಂಚಾಯತ್ ಅದು. ಹಳ್ಳಕ್ಕೆ ಕಾಲುಸಂಕ ಬೇಕು, ದೂರದ ಶಾಲೆಗೆ ದಾರಿ ಬೇಕು ಎಂದು ದೊಡ್ಡವರ ಪಂಚಾಯತಿನ ಮುಂದೆ ಅವರು ಲೆಕ್ಕ ಸಮೇತ ಇಟ್ಟರು. ಮುಂದೆ ಸರಕಾರವೇ ಇದನ್ನು ಎಲ್ಲ ಪಂಚಾಯತ್‌ಗಳಿಗೂ ಆದೇಶ ಮಾಡಿತು. ಕಾಲುಸಂಕದ ಬೇಡಿಕೆ ಸಣ್ಣದು ಅನ್ನಿಸಿದರೆ ನೆನಪು ಮಾಡಿಕೊಳ್ಳಿ: 2022ರ ಮಳೆಗಾಲದಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ನೀರು ಪಾಲಾದಳು.

ನಮ್ಮ ಹುಡುಗಿ ಕೇಳಿದ್ದು ಮೂರು. ಒಂದು, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು. ಎರಡು, ಶಾಲೆಯಿಂದ ಮುಖ್ಯರಸ್ತೆವರೆಗಿನ ದಾರಿಗೆ ದೀಪ. ಮೂರು, ಸಂಜೆ ವಿಶೇಷ ತರಗತಿ ಮುಗಿದ ಮೇಲೆ ಒಂದು ಬಸ್ಸು.

ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದಳಂತೆ. ಮೈಕ್ ಕೈಗೆ ಬಂದಾಗ ಚೀಟಿ ಹಿಡಿದ ಕೈ ನಡುಗಿತು. ನೀರಿನ ವಿಷಯ ಹೇಳುವಾಗ ಗಂಡುಹುಡುಗರು ನಕ್ಕರು. "ನಗಬ್ಯಾಡ್ರಲೇ" ಎಂದು ಹಿಂದಿನಿಂದ ಒಬ್ಬರು ಅಂಗನವಾಡಿ ಟೀಚರು ಗದರಿದ ಮೇಲೆ ಪೂರ್ತಿ ಮಾಡಿದಳು. ದೀಪ ಎರಡೇ ವಾರದಲ್ಲಿ ಬಂತು. ಬೀದಿದೀಪ ಪಂಚಾಯತಿನ ಕೈಯಲ್ಲೇ ಇರುವ ಕೆಲಸ ನೋಡಿ. ನೀರಿಗೆ ಪೈಪ್ ಎಳೆದಿದ್ದಾರೆ, ಟ್ಯಾಂಕ್ ಇನ್ನೂ ಕೂತಿಲ್ಲ. ಬಸ್ಸು ಮಾತ್ರ ಬಂದಿಲ್ಲ. ಅದು ಪಂಚಾಯತ್ ಕೊಡುವಂಥದ್ದಲ್ಲ, ಸಾರಿಗೆ ಸಂಸ್ಥೆಗೆ ನಿರ್ಣಯ ಕಳಿಸಿದ್ದೇವೆ ಎಂದರಂತೆ.

ಈ ಬಸ್ಸಿನ ಸಂಗತಿಯನ್ನು ಸ್ವಲ್ಪ ನಿಂತು ನೋಡಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಬಸ್ಸಿಗೆ ಹೆಣ್ಣುಮಕ್ಕಳಿಗೆ ಟಿಕೆಟಿಲ್ಲ. ಆದರೆ ಬಸ್ಸೇ ಇಲ್ಲದ ರಸ್ತೆಯಲ್ಲಿ ಉಚಿತ ಟಿಕೆಟ್ ಇಟ್ಟುಕೊಂಡು ಏನು ಮಾಡುವುದು? ಎಸೆಸೆಲ್ಸಿ ಆದ ಮೇಲೆ ಪಿಯುಸಿಗೆ ಇವಳು ಹೊಳಲ್ಕೆರೆಗೋ ಚಿತ್ರದುರ್ಗಕ್ಕೋ ಹೋಗಬೇಕು. ಬೆಳಗ್ಗೆ ಹೇಗೋ ಹೋದಾಳು. ಸಂಜೆ ಕತ್ತಲಾದ ಮೇಲೆ ರಸ್ತೆ ಬದಿಯಲ್ಲಿ ಕಾಯುವ ಮಗಳನ್ನು ಯಾವ ಉಪ್ಪನೂ ಎಷ್ಟು ದಿನ ಕಳಿಸಿಯಾನು? "ಎಸೆಸೆಲ್ಸಿ ಸಾಕಲ್ಲ" ಎಂಬ ಮಾತು ನಮ್ಮ ಮನೆಗಳಲ್ಲಿ ಹುಟ್ಟುವುದು ಬಹಳ ಸಲ ಇಂಥ ರಸ್ತೆಯ ಬದಿಯಲ್ಲೇ. ಓದು ಬೇಡವೆಂದು ಯಾರೂ ಹೇಳುವುದಿಲ್ಲ, ದಾರಿ ನೋಡಿ ಹೇಳುತ್ತಾರೆ.

ಭಾವನ ಹತ್ತಿರ ಕೇಳಿದೆ, "ನೀವು ಆ ಸಭೆಗೆ ಹೋಗಿದ್ರಾ?"

"ನಾವು ಹೊರಗಿನವರಲ್ವಾ. ಪಂಚಾಯತ್ ಗಿಂಚಾಯತ್ ನಮಗ್ಯಾಕೆ? ವ್ಯಾಪಾರ ಮಾಡಿಕೊಂಡು ಸುಮ್ಮನೆ ಇರುವುದು."

ಅವರ ಬಗ್ಗೆ ದೂರಲ್ಲ ಇದು. ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ, ಹುಬ್ಬಳ್ಳಿ ಅಂತ ಘಟ್ಟ ಹತ್ತಿ ಅಂಗಡಿ ಇಟ್ಟವರ ಬಾಯಲ್ಲಿ ಈ ಮಾತನ್ನು ನಾನು ಮೊದಲೂ ಕೇಳಿದ್ದೇನೆ. ಹದಿನೇಳು ವರ್ಷ ತೆರಿಗೆ ಕಟ್ಟಿದವರು ಹೊರಗಿನವರು ಹೇಗಾಗುತ್ತಾರೆ? ಭಾವನ ಮನೆ ತೆರಿಗೆಯ ರಸೀದಿ ತೆಗೆಸಿ ನೋಡಿದೆ. ಅದರಲ್ಲಿ ಗ್ರಂಥಾಲಯ ಕರ ಎಂದು ಒಂದು ಸಾಲು ಉಂಟು, ತೆರಿಗೆಯ ಮೇಲೆ ಶೇ. 6. ಆ ದುಡ್ಡಿನ ಗ್ರಂಥಾಲಯ ಬೇಕರಿಯಿಂದ ನಾಲ್ಕು ಹೆಜ್ಜೆ. ಭಾವ ಒಳಗೆ ಕಾಲಿಟ್ಟಿಲ್ಲ.

ಹಳ್ಳಿ ಗ್ರಂಥಾಲಯಗಳು ಈಗ ಪಂಚಾಯತಿನ ಕೈಗೆ ಬಂದಿವೆ. 2020ರಲ್ಲಿ ಕೊರೋನದಿಂದ ಶಾಲೆ ಮುಚ್ಚಿದ್ದಾಗ 'ಓದುವ ಬೆಳಕು' ಎಂದು ಶುರು ಮಾಡಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಆಮೇಲೆ ಕಂಪ್ಯೂಟರ್ ಬಂತು, 'ಅರಿವು ಕೇಂದ್ರ' ಎಂಬ ಹೆಸರೂ ಬಂತು. ಎಲ್ಲ ಕಡೆ ಒಂದೇ ರೀತಿ ಇದೆ ಎಂದಲ್ಲ. ಕೆಲವು ಕಡೆ ಬಾಗಿಲಿಗೆ ಬೀಗವೇ ಜಾಸ್ತಿ. ಇಲ್ಲಿಯ ಮೇಲ್ವಿಚಾರಕಿ ಮಾತ್ರ ಚುರುಕು. ಸಂಜೆ ಆರೇಳು ಮಕ್ಕಳು ಚಾಪೆ ಹಾಕಿಕೊಂಡು ಹಳೆಯ ಎನ್‌ಎಂಎಂಎಸ್ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದರು. ತಂಗಿಯ ಮಗನೂ ಅವರಲ್ಲಿ ಒಬ್ಬ.

ಎನ್‌ಎಂಎಂಎಸ್ ಎಂದರೆ ಎಂಟನೇ ತರಗತಿಯಲ್ಲಿ ಬರೆಯುವ ಕೇಂದ್ರದ ಪ್ರತಿಭಾ ವಿದ್ಯಾರ್ಥಿವೇತನದ ಪರೀಕ್ಷೆ. ಸರಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಏಳನೇ ತರಗತಿಯಲ್ಲಿ ಶೇ. 55 ಅಂಕ ಇರಬೇಕು, ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ದಾಟಬಾರದು. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿ. ಮೊರಾರ್ಜಿ ದೇಸಾಯಿಯಂಥ ಸರಕಾರಿ ವಸತಿ ಶಾಲೆಗೆ ಸೇರಿದವರಿಗೆ ಇದು ಸಿಗುವುದಿಲ್ಲ, ಅದನ್ನೂ ತಿಳಿದಿರಬೇಕು. ಮಕ್ಕಳನ್ನು ಕಷ್ಟಪಟ್ಟು ಖಾಸಗಿ ಇಂಗ್ಲಿಷ್ ಮೀಡಿಯಂಗೆ ಹಾಕಿದ ಎಷ್ಟೋ ಮನೆಯವರಿಗೆ ಈ ಬಾಗಿಲು ಮುಚ್ಚಿದ್ದೇ ಗೊತ್ತಾಗುವುದಿಲ್ಲ.

ಇನ್ನು ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ. ಕೇಂದ್ರದ್ದು 2022-23ರಿಂದ 1ರಿಂದ 8ನೇ ತರಗತಿಯವರಿಗೆ ನಿಂತು, 9 ಮತ್ತು 10ಕ್ಕೆ ಮಾತ್ರ ಉಳಿಯಿತು. ರಾಜ್ಯದ್ದಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ. ಇವಳಿಗೆ ಹೋದ ವರ್ಷ ಹಣ ಬರಲಿಲ್ಲ. ಯಾಕೆಂದರೆ ಹೆಸರು. ನಮ್ಮವರ ಈ ಹೆಸರಿನ ರಗಳೆ ನಿಮಗೆ ಹೇಳಬೇಕಾಗಿಲ್ಲ. ಆಧಾರ್‌ನಲ್ಲಿ ಫಾತಿಮತ್, ಶಾಲೆಯಲ್ಲಿ ಫಾತಿಮಾ, ಬ್ಯಾಂಕಿನಲ್ಲಿ ಹಿಂದೊಂದು ಇನಿಶಿಯಲ್ ಮುಂದೊಂದು ಬೀಬಿ. ನಾವು ಓದುವಾಗ ಎಲ್ಲವೂ ಒಂದೇ, ಕಂಪ್ಯೂಟರಿಗೆ ಮೂವರು ಬೇರೆ ಬೇರೆ. ತಂಗಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ನಾಲ್ಕು ಸಲ ಅಲೆದಳಂತೆ. ಪ್ರತಿ ಸಲ ಒಂದು ಕಾಗದ ಕಮ್ಮಿ. ಐದನೇ ಸಲ ಹೋಗುವ ಹೊತ್ತಿಗೆ ಅರ್ಜಿಯ ಗಡುವು ಮುಗಿದಿತ್ತು.

ಹಾಗಾಗಿ ಈಗಲೇ, ಜೂನ್ ಬರುವ ಮೊದಲೇ, ಮಗುವಿನ ಆಧಾರ್, ಶಾಲಾ ದಾಖಲೆ, ಬ್ಯಾಂಕ್ ಪುಸ್ತಕ ಮೂರನ್ನೂ ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಕೇಳಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೇ ಹೋಗಬೇಕೆಂದಿಲ್ಲ, ಹತ್ತಿರದ ಗ್ರಾಮ ಒನ್ ಕೇಂದ್ರದಲ್ಲೂ ಅರ್ಜಿ ಕೊಡಬಹುದು. ಮೇಲಿನ ಓದಿಗೆ ಹೋಗುವವರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲದ ಬಗ್ಗೆಯೂ ಕೇಳಿಟ್ಟುಕೊಳ್ಳಿ. ಅರಿವು ಕೇಂದ್ರ ಬೇರೆ, ಅರಿವು ಸಾಲ ಬೇರೆ, ಹೆಸರು ಒಂದೇ ಆಗಿ ಗೊಂದಲ ಮಾಡುವುದುಂಟು.

ಮಗನ ಸುದ್ದಿ ಹೇಳದೆ ಹೋದರೆ ಅವನು ಬಿಡಲಿಕ್ಕಿಲ್ಲ. ಪ್ರತಿಭಾ ಕಾರಂಜಿಯ ಧಾರ್ಮಿಕ ಪಠಣದಲ್ಲಿ ಸಂಸ್ಕೃತದ ಜತೆ ಅರೇಬಿಕ್ ಕೂಡ ಉಂಟಲ್ಲ, ಅದರಲ್ಲಿ ಕ್ಲಸ್ಟರ್ ಮಟ್ಟದಲ್ಲಿ ಪ್ರಥಮ. ಮದ್ರಸದಲ್ಲಿ ಉಸ್ತಾದರು ತಿದ್ದಿ ತಿದ್ದಿ ಕೂರಿಸಿದ ಕಂಠ ಶಾಲೆಯ ವೇದಿಕೆಗೆ ಬಂತು. ಅವನನ್ನು ಹುರಿದುಂಬಿಸಿ ಕರೆದುಕೊಂಡು ಹೋದದ್ದು ಲಿಂಗಾಯತ ಮೇಷ್ಟ್ರು. ತಾಲೂಕು ಮಟ್ಟದಲ್ಲಿ ಬಹುಮಾನ ಸಿಗಲಿಲ್ಲ. ಮೇಷ್ಟ್ರು ದಾರಿಯಲ್ಲಿ ಮಸಾಲೆ ದೋಸೆ ಕೊಡಿಸಿದರಂತೆ. ಅವನಿಗೆ ನೆನಪಿರುವುದು ಅದೇ.

ಮೇಷ್ಟ್ರು ಸಿಕ್ಕಿದ್ದರು, ಬೇಕರಿಗೇ ಬಂದಿದ್ದರು. ಅವರ ದೂರು ಬೇರೆ. "ಮಕ್ಕಳು ಚಲೋ ಅದಾವ್ರೀ. ಪಾಲಕರ ಸಭೆಗೆ ಇವರ ಮನೆಯವರು ಬರೋದಿಲ್ಲ ನೋಡ್ರಿ. ಎಸ್‌ಡಿಎಂಸಿಗೆ ಹೆಣ್ಣುಮಕ್ಕಳು ಬೇಕು, ಬರ್ರಿ ಅಂದ್ರೆ ಬರೋದಿಲ್ಲ."

ಅವರು ಹೇಳಿದ್ದು ಸರಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಸಮಿತಿಯ ಅರ್ಧದಷ್ಟು ಮಹಿಳೆಯರಿರಬೇಕು. ಬಿಸಿಯೂಟದ ಅಕ್ಕಿಯಿಂದ ಹಿಡಿದು ಶಾಲೆಯ ಅನುದಾನದ ಖರ್ಚಿನವರೆಗೆ ಕೇಳುವ ಅಧಿಕಾರ ಆ ಸಮಿತಿಗೆ ಉಂಟು. ಶೌಚಾಲಯದ ಟ್ಯಾಂಕ್ ಯಾಕೆ ಕೂತಿಲ್ಲ ಎಂದು ತಿಂಗಳು ತಿಂಗಳು ಕೇಳಲಿಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹುಡುಗಿ ವರ್ಷಕ್ಕೊಮ್ಮೆ ಕೇಳಬಹುದು, ಅವಳ ಉಮ್ಮನಿಗೆ ಪ್ರತಿ ಸಭೆಯಲ್ಲೂ ಕೇಳಬಹುದು.

ತಂಗಿಯ ಹಿಂಜರಿಕೆ ಬೇರೆಯೇ. "ನನ್ನ ಕನ್ನಡ ಕೇಳಿದರೆ ನಗಾಡ್ತಾರೆ" ಎಂದಳು. ಮನೆಯ ಬ್ಯಾರಿ, ಊರಿನ ತುಳು, ಶಾಲೆಯ ಮಂಗಳೂರು ಕನ್ನಡ ಎಲ್ಲ ಸೇರಿದ ಭಾಷೆ ಅವಳದು. "ಉಂಟು, ಇಲ್ಲ, ಮಾರಾಯ್ರೆ" ಎಂದರೆ ಇಲ್ಲಿಯವರಿಗೆ ತಮಾಷೆ. ಎಂಟನೇ ತರಗತಿಗೆ ಶಾಲೆ ಬಿಟ್ಟವಳು ಎಂಬ ಅಳುಕೂ ಇರಬೇಕು, ಅದನ್ನು ಅವಳು ಹೇಳಲಿಲ್ಲ.

"ನನಗೂ ನಕ್ಕರು ಉಮ್ಮ" ಎಂದಳು ಮಗಳು, ಪಪ್ಸ್ ಟ್ರೇ ಒಳಗಿಡುತ್ತಾ.

ಮರುದಿನ ಬೆಳಗ್ಗೆ ನಾನು ಸ್ಟೇಷನ್‌ಗೆ ಹೊರಡುವಾಗ ಬೇಕರಿಯ ಕೌಂಟರಿನ ಮೇಲೆ ಬೆಣ್ಣೆ ಬಿಸ್ಕತ್ತಿನ ಭರಣಿಯ ಅಡಿಯಲ್ಲಿ ಶಾಲೆಯ ನೋಟಿಸು ಮಡಚಿ ಇಟ್ಟಿತ್ತು. ಶನಿವಾರ ಪೋಷಕರ ಸಭೆ, ಎಸ್‌ಡಿಎಂಸಿ ಸದಸ್ಯರ ಆಯ್ಕೆ. ತಂಗಿ ಅದನ್ನು ಭರಣಿಯಡಿಯಿಂದ ಎಳೆದು ಬಿಡಿಸಿದಳು. ಗಂಡನನ್ನು ಕೇಳಿದಳು, "ಎಷ್ಟು ಗಂಟೆಗಂತೆ?"

ಭಾವ ಕನ್ನಡಕ ಹುಡುಕತೊಡಗಿದರು. ಹತ್ತೂವರೆಗೆ ಎಂದು ಮಗಳೇ ಓದಿ ಹೇಳಿದಳು.